ಪೈಲಟ್ ಸಾಬ್ ವಿಮಾನ ಏರಿದ್ದು

ಹೈದರಾಬಾದಿನ ವಿಮಾನ ನಿಲ್ದಾಣ ಆಗಿನ್ನೂ ಊರ ನಡುವೆ, ಬೇಗಂಪೇಟೆಯಲ್ಲೇ ಇತ್ತು. ರನ್‌ವೇ ಮುಗಿಯುವ ಕಡೆ ಒಂದು ಉದ್ದನೆಯ ಗೋಡೆ, ಗೋಡೆಯ ಮಗ್ಗುಲಲ್ಲಿ ರಸ್ತೆ, ರಸ್ತೆಯ ಅಂಚಿಗೆ ಒಂದು ಮಿರ್ಚಿ ಭಜಿಯ ಬಂಡಿ. ಬಂಡಿಯವನ ಬಾಣಲೆಗೆ ಎಲ್ಲಿ ಬಿದ್ದುಬಿಡುತ್ತವೋ ಅನ್ನುವಷ್ಟು ಕೆಳಗೆ ವಿಮಾನಗಳು ಹಾರುತ್ತಿದ್ದವು. ನೋಡುವುದಕ್ಕೆ ಟಿಕೆಟ್ ಇಲ್ಲ, ಮಿರ್ಚಿ ಸೋವಿ. ಅಪ್ಪನಂಥ ಸರ್ಕಾರಿ ಗುಮಾಸ್ತರ ಸಂಸಾರಕ್ಕೆ ಭಾನುವಾರ ಸಂಜೆ ಇದಕ್ಕಿಂತ ಇನ್ನೇನು ಬೇಕು? ಅಪ್ಪ, ಅವ್ವ, ಅಜ್ಜಿ, ನಾನು, ನನ್ನ ತಮ್ಮ, ಐವರೂ ವಾರ ತಪ್ಪದೆ ಅಲ್ಲಿ ಹಾಜರಿ ಹಾಕುತ್ತಿದ್ದೆವು.

ಅಪ್ಪ ಅಲ್ಲಿಯವರೆಗೆ ವಿಮಾನದ ಮೆಟ್ಟಿಲನ್ನೂ ಮುಟ್ಟಿದವನಲ್ಲ. ಆದರೆ ವಿಮಾನದ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ದೂರದಲ್ಲಿ ಗುಡುಗು ಶುರುವಾದರೆ ಸಾಕು, ಎಲ್ಲರೂ ತಿನ್ನುವುದು ನಿಲ್ಲಿಸಬೇಕು. ಬಾಯಲ್ಲಿ ಮಿರ್ಚಿ ಇದ್ದರೆ ಅದು ಅಲ್ಲೇ ಇರಬೇಕು, ಖಾರ ಎಷ್ಟಾದರೂ ಏರಲಿ.

"ನೋಡ್ರಿ, ಈಗ ಮೂಗು ಎತ್ತತೈತಿ. ಎತ್ತಿತು! ಈಗ ಗಾಲಿ ಒಳಗ ಹೋಗ್ತಾವ. ಒಳಗ ಕುಂತವ್ರಿಗೆ ಗೊತ್ತೇ ಆಗೂದಿಲ್ಲ. ಹೂವಿನ ಮ್ಯಾಲ ಕುಂತಂಗ ಇರತೈತಿ."

ಅಜ್ಜಿ ಪ್ರತಿ ವಿಮಾನಕ್ಕೂ ಕೈ ಮುಗಿಯುತ್ತಿದ್ದಳು. ಅಷ್ಟು ಮಂದಿ ಅಂತರದಲ್ಲಿದ್ದಾರೆ, ದೇವರೇ ಕಾಯಬೇಕು ಅನ್ನುವುದು ಅವಳ ಲೆಕ್ಕ. ಆಮೇಲೆ ವಾರವಾರವೂ ಅದೇ ಪ್ರಶ್ನೆ: "ಅಲ್ಲೋ, ನಡುವ ಹೊಟ್ಟಿ ಕೆಟ್ರ ಏನ್ ಮಾಡ್ತಾರ?" ಅಪ್ಪ ವಾರವಾರವೂ ಹೊಸದಾಗಿ, "ಅದಕ್ಕೂ ಖೋಲಿ ಐತಿ ಯವ್ವಾ" ಅನ್ನುತ್ತಿದ್ದ. ಅಕ್ಕಪಕ್ಕ ನಿಂತ ಬೇರೆ ಸಂಸಾರಗಳೂ ಮೆಲ್ಲಗೆ ಸರಿದು ಬಂದು ಕೇಳಿಸಿಕೊಳ್ಳುತ್ತಿದ್ದವು. ಅಪ್ಪ ಕೂಡಲೇ ಕನ್ನಡ ಬಿಟ್ಟು ತೆಲುಗಿಗೆ, ತೆಲುಗು ಬಿಟ್ಟು ಹಿಂದಿಗೆ ಹಾರುತ್ತಿದ್ದ. ಬಂಡಿಯವನು ಅವನಿಗೆ 'ಪೈಲಟ್ ಸಾಬ್' ಅಂತಲೇ ಹೆಸರಿಟ್ಟಿದ್ದ. ಆಫೀಸಿನಲ್ಲಿ ಅಪ್ಪನನ್ನು ಸಾಬ್ ಅನ್ನುವವರು ಒಬ್ಬರೂ ಇರಲಿಲ್ಲ.

ಅವ್ವನಿಗೆ ಮಾತ್ರ ವಿಮಾನದ ಗೊಡವೆಯೇ ಇಲ್ಲ. ಅಪ್ಪನ ಮುಖ ಆಕಾಶಕ್ಕಾದರೆ ಅವ್ವನ ಮುಖ ಬಾಣಲೆಗೆ. ಹುಣಸೆ, ಎಳ್ಳು ತುಂಬಿದ ಆ ದಪ್ಪ ಮೆಣಸಿನಕಾಯಿ ಎಣ್ಣೆಯಲ್ಲಿ ಹೊರಳುವುದನ್ನೇ ನೋಡುತ್ತ, ತನ್ನ ಹರುಕು ಹಿಂದಿಯಲ್ಲಿ, "ಭಯ್ಯಾ, ಔರ್ ಲಾಲ್ ಕರೋ" ಅನ್ನುವಳು. ಇನ್ನೂ ಕೆಂಪಗೆ ಕರಿದರೇ ಅವಳಿಗೆ ಸಮಾಧಾನ. ತಲೆಯ ಮೇಲೆ ವಿಮಾನ ಗುಡುಗಿಕೊಂಡು ಹೋದರೂ ತಿರುಗಿ ನೋಡಿದವಳಲ್ಲ.

ಅಷ್ಟರಲ್ಲಿ ಊರಿಗೆ ಕಂಪ್ಯೂಟರ್ ಹುಚ್ಚು ಹಿಡಿಯಿತು. ನಿನ್ನೆ ಮೊನ್ನೆ ನಮ್ಮ ಓಣಿಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗರು ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ಬೆಳಿಗ್ಗೆ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರತೊಡಗಿದರು. ನನಗೂ ಗಚ್ಚಿಬೌಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಬೆಂಗಳೂರಿನಲ್ಲಿ ಅವ್ವನ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ನಾನು ಮೊದಲ ಸಂಬಳದಲ್ಲಿ ಅಪ್ಪ, ಅವ್ವ ಇಬ್ಬರಿಗೂ ವಿಮಾನದ ಟಿಕೆಟ್ ತೆಗೆಸಿ ಅಪ್ಪನ ಕೈಗಿಟ್ಟೆ. ಇಷ್ಟು ವರ್ಷ ಗೋಡೆಯಾಚೆ ನಿಂತು ನೋಡಿದವನು ಒಮ್ಮೆಯಾದರೂ ಒಳಗೆ ಕೂರಲಿ ಅನ್ನುವ ಆಸೆ ನನಗೆ.

ಅಪ್ಪ ಅಂದು ಸಂಜೆಯೇ ಓಣಿಗೆಲ್ಲ ಸುದ್ದಿ ಹಂಚಿ ಬಂದ. ಬಂಡಿಯವನಿಗೂ ಹೇಳಿದ. ಆದರೆ ದಿನ ಹತ್ತಿರವಾದಂತೆ ಅವನ ಮಾತಿನ ಧಾಟಿಯೇ ಬದಲಾಯಿತು. ರೈಲಿನಲ್ಲಾದರೆ ಹೊಲಗದ್ದೆ ಕಾಣುತ್ತವಂತೆ. ವಿಮಾನದಲ್ಲಿ ಕಾಲು ಚಾಚಲು ಆಗುವುದಿಲ್ಲವಂತೆ. ಈ ತಿಂಗಳು ಗಾಳಿಯ ದಿಕ್ಕು ಅಷ್ಟು ಸರಿ ಇಲ್ಲವಂತೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದಳು. ಅಪ್ಪನಿಗೆ ರೇಗಿತು. "ನನಗೇನ್ ಅಂಜಿಕಿ? ನೀವು ಆ ಕೆಂಪು ಚಾದರ ತೊಗೊಂಡು ಗೋಡಿ ಹತ್ರ ನಿಲ್ರಿ. ನಾ ಮ್ಯಾಲಿಂದ ನಿಮಗ ಕೈ ಮಾಡ್ತೀನಿ."

ಹೊರಡುವ ದಿನ ಇಬ್ಬರನ್ನೂ ನಿಲ್ದಾಣದ ಬಾಗಿಲಲ್ಲಿ ಬಿಟ್ಟು ನಾವು ಮೂವರು ಆಟೋದಲ್ಲಿ ಗೋಡೆಯ ಹತ್ತಿರ ಬಂದೆವು. ಹಾಸಿಗೆಯ ಕೆಂಪು ಚಾದರ ಬಿಚ್ಚಿದೆವು. ಒಂದು ಮೂಲೆ ನನಗೆ, ಒಂದು ತಮ್ಮನಿಗೆ, ಇನ್ನೊಂದು ಅಜ್ಜಿಗೆ. ನಾಲ್ಕನೆಯದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತ ಬಂಡಿಯವನ ಒಲೆಯ ಕಡೆಗೇ ಹೋಗುತ್ತಿತ್ತು. ಅವನು ಬೈಯುತ್ತ ಬಂಡಿ ಸರಿಸಿಕೊಂಡ. ಬಹಳ ಹೊತ್ತು ನಿಂತಮೇಲೆ ದೂರದಲ್ಲಿ ಗುಡುಗು ಶುರುವಾಯಿತು. ಅದೇ ವಿಮಾನ.

"ಅರೇ ಪೈಲಟ್ ಸಾಬ್, ಆಪ್ ಇಧರ್ ಕೈಕೊ?" ಎಂದ ಬಂಡಿಯವನು, ನೀವು ಇಲ್ಲಿ ಯಾಕೆ ಎಂದು ಬೆರಗಾಗಿ.

ತಿರುಗಿ ನೋಡಿದರೆ ಅಪ್ಪ! ಇಸ್ತ್ರಿ ಮಾಡಿದ ಹೊಸ ಅಂಗಿ, ಕೈಯಲ್ಲಿ ಬ್ಯಾಗು, ಮುಖದಲ್ಲಿ ರಕ್ತವೇ ಇಲ್ಲ. ಯಾರ ಮುಖವನ್ನೂ ನೋಡದೆ ನೇರ ಬಂದು ಬ್ಯಾಗು ಕೆಳಗಿಟ್ಟು ಚಾದರದ ನಾಲ್ಕನೇ ಮೂಲೆ ಹಿಡಿದ.

"ಎತ್ತರ ಹಿಡೀರಿ," ಅಂದ. "ಆಕೀಗೆ ಕಾಣಬೇಕು."

ಅವ್ವ ಒಬ್ಬಳೇ ಹೋಗುತ್ತಿದ್ದಾಳೆ ಎಂಬುದು ನನ್ನ ತಲೆಗೆ ಹೋಗುವುದರೊಳಗೆ ವಿಮಾನ ತಲೆಯ ಮೇಲೆ ಬಂತು. ಅಪ್ಪ ಮೂಗಿನ ಬಗ್ಗೆ ಹೇಳಲಿಲ್ಲ, ಗಾಲಿಯ ಬಗ್ಗೆ ಹೇಳಲಿಲ್ಲ. ಅಜ್ಜಿಯ ಹಾಗೆ ಎರಡೂ ಕೈ ಎತ್ತಿ ಮುಗಿದುಬಿಟ್ಟ. ಅಜ್ಜಿಯೂ ಮುಗಿದಳು. ಆ ಎರಡು ಮೂಲೆ ಹಿಡಿಯುವವರಿಲ್ಲದೆ ಚಾದರ ಅಜ್ಜಿಯ ತಲೆಯ ಮೇಲೆ ಕವುಚಿಕೊಂಡಿತು. ಅವಳು ಒಳಗಿನಿಂದಲೇ, "ಹೋತೇನೋ? ಹೋತೇನೋ?" ಎಂದು ಕೂಗುತ್ತಿದ್ದಳು.

ನನಗೆ ಕೆಂಡದಂಥ ಸಿಟ್ಟು ಬಂತು. ಟಿಕೆಟ್ ದಂಡವಾಯಿತು ಅನ್ನುವುದು ಒಂದು ಕಡೆ, ಅವ್ವನನ್ನು ಒಬ್ಬಳೇ ಮೇಲಕ್ಕೆ ಕಳಿಸಿ ಬಂದನಲ್ಲ ಅನ್ನುವುದು ಇನ್ನೊಂದು ಕಡೆ. "ಆಕೀನ ಹೋಗ್ರಿ ಅಂದ್ಲು," ಎಂದ ಅಪ್ಪ. ಮಿರ್ಚಿಯನ್ನು ಮುಟ್ಟಲಿಲ್ಲ. ಅವತ್ತು ಸಂಜೆಯ ರೈಲಿಗೆ ಹೋಗಿ ಮದುವೆ ಮುಟ್ಟಿದ. ಬರುವಾಗ ಇಬ್ಬರೂ ರೈಲಿನಲ್ಲೇ ಬಂದರು.

ಅಡುಗೆಮನೆಯಲ್ಲಿ ನಾನು ಕೇಳಿದ್ದಕ್ಕೆ ಅವ್ವ ದನಿ ತಗ್ಗಿಸಿ ಹೇಳಿದಳು. "ಒಳಗ ಹೋದಕೂಡಲೇ ಅವರು ಅಂಜಿ ಒಂದು ಕಂಬಾ ಹಿಡಕೊಂಡು ನಿಂತುಬಿಟ್ರು. ನೀವು ಮನಿಗೆ ಹೋಗ್ರಿ, ಮಗಳು ರೊಕ್ಕ ಕೊಟ್ಟಾಳ, ಎರಡೂ ಟಿಕೇಟ ಹಾಳಾಗೂದ ಬ್ಯಾಡ, ನಾ ಹೋಗಿರ್ತೀನಿ ಅಂದೆ." ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. "ಆದರ ಆ ಗಾಲಿ ಒಳಗ ಹೋಗೂ ಮುಂದ ಏನ್ ಧಡಲ್ ಅಂತೈತವಾ! ಕೆಳಗ ನೆಲಾನ ಕಳಚಿ ಬಿತ್ತು ಅಂತ ಮಗ್ಗಲದಾಕಿ ಕೈ ಹಿಂಗ ಹಿಡಕೊಂಡಿದ್ದೆ. ಆಕೀ ಬಳಿ ಒಡೀತು, ಪಾಪ."

ಮುಂದಿನ ಭಾನುವಾರ ಅಪ್ಪ ಬರಲು ಒಲ್ಲೆ ಅಂದ. ಅವ್ವನೇ ಎಬ್ಬಿಸಿ ಹೊರಡಿಸಿದಳು. ಗೋಡೆಯ ಹತ್ತಿರ ಮಾಮೂಲಿ ಮಂದಿ, ಮಾಮೂಲಿ ಬಂಡಿ. ಮೊದಲ ವಿಮಾನ ಬಂತು, ಹೋಯಿತು. ಅಪ್ಪ ತುಟಿ ಬಿಚ್ಚಲಿಲ್ಲ. ಪಕ್ಕದ ಸಂಸಾರದವರು ಅವನ ಕಡೆ ನೋಡಿದರು. ತಮ್ಮ ಮುಸಿಮುಸಿ ನಕ್ಕ. ಅಜ್ಜಿ, "ಯಾಕೋ, ಇವತ್ತೇನೂ ಹೇಳವಲ್ಲಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಅಪ್ಪ ಚಪ್ಪಲಿ ನೋಡಿಕೊಂಡು ನಿಂತ. ವಾರವಿಡೀ ಉಳಿಸಿಕೊಂಡು ಬಂದಿದ್ದ ನನ್ನ ಸಿಟ್ಟು ಅದನ್ನು ನೋಡಿ ಕರಗಿತು. ಅವನ ಹತ್ತಿರ ಇದ್ದದ್ದೇ ಅದೊಂದು ದೊಡ್ಡಸ್ತಿಕೆ. ಅದನ್ನೂ ನನ್ನ ಟಿಕೆಟ್ ಕಿತ್ತುಕೊಂಡಿತ್ತು.

ಮತ್ತೆ ಗುಡುಗು. ಆಗ ಅವ್ವ ಬಾಣಲೆ ಬಿಟ್ಟು ತಿರುಗಿದಳು. ಅಷ್ಟು ವರ್ಷದಲ್ಲಿ ಅದೇ ಮೊದಲು. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ, "ಈಗ ಗಾಲಿ ಒಳಗ ಹೋಗ್ತಾವ ಅಲ್ಲೇನ್ರಿ?" ಎಂದು ಕೇಳಿದಳು.

"ಹೌದು," ಎಂದ ಅಪ್ಪ, ಸಣ್ಣ ದನಿಯಲ್ಲಿ. "ಹೋಗ್ತಾವ. ಒಳಗ ಕುಂತವ್ರಿಗೆ..." ಅಲ್ಲಿಗೇ ನಿಂತುಬಿಟ್ಟ. ಒಳಗೆ ಕೂತು ಬಂದವಳು ಎದುರಿಗೇ ಇದ್ದಳಲ್ಲ. ಅವಳ ಮುಖವನ್ನೇ ನೋಡಿದ.

"ಗೊತ್ತೇ ಆಗೂದಿಲ್ರಿ," ಎಂದಳು ಅವ್ವ, ಪಕ್ಕದವರಿಗೂ ಕೇಳುವ ಹಾಗೆ. "ಹೂವಿನ ಮ್ಯಾಲ ಕುಂತಂಗ."

ಆಮೇಲೆ ಬಾಣಲೆಯ ಕಡೆ ತಿರುಗಿ, "ಭಯ್ಯಾ, ಔರ್ ಲಾಲ್ ಕರೋ" ಅಂದಳು.