ಕಿಟಕಿಯ ಕೆಂಪು ನೀರು

ಪಾಪಿನಾಯಕನಹಳ್ಳಿಯ ಯಲ್ಲಕ್ಕ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಹಾಲಿನವನು ಹಾಲು ಅಳೆದರೆ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ನೋಡುವಳು. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿಯೇ ಒಳಗೆ ಬಿಡುವಳು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು, ಖಾನಾವಳಿಗೆ ಕೊಟ್ಟು, ಮಗನನ್ನು ಲಾರಿ ಡ್ರೈವರ್ ಮಾಡಿದ ಹೆಂಗಸು. ಅನುಮಾನ ಅವಳಿಗೆ ಮನೆ ಕಾಯುವ ನಾಯಿಯಿದ್ದ ಹಾಗೆ.

ಆ ಚಳಿಗಾಲದ ಒಂದು ಬೆಳಿಗ್ಗೆ, ಮೊಮ್ಮಗಳ ತೊಟ್ಟಿಲ ಪಕ್ಕದ ಕಿಟಕಿಯಿಂದ ಸುಣ್ಣದ ಗೋಡೆಯ ಮೇಲೆ ಕೆಂಪು ಗೆರೆಗಳು ಇಳಿದಿದ್ದವು, ಕುಂಕುಮ ಕದಡಿ ಚೆಲ್ಲಿದಂತೆ. ಒರೆಸಿದಳು. ಮರುದಿನ ಮತ್ತೆ ಇಳಿದಿದ್ದವು. ಮಗುವಿಗೆ ಕೆಮ್ಮು ಬೇರೆ ಹಿಡಿದಿತ್ತು.

ಯಲ್ಲಕ್ಕನ ಮನಸ್ಸು ನೇರ ಪಕ್ಕದ ಮನೆಗೆ ಹೋಯಿತು. ಅಲ್ಲಿಯ ಹಂಪಮ್ಮನಿಗೆ ಮಕ್ಕಳಿಲ್ಲ. ಸೊಸೆ ಲಲಿತಾ ಹೊಸಪೇಟೆಯ ಮೆಡಿಕಲ್ ಶಾಪಿಗೆ ಕೆಲಸಕ್ಕೆ ಹೋದಾಗ, ಯಲ್ಲಕ್ಕ ರೊಟ್ಟಿಗೆ ಕುಳಿತಾಗ, ಮಗುವನ್ನು ಆಡಿಸುವವಳು ಅವಳೇ. ‘ನನ್ನ ಕೂಸು’ ಎನ್ನುವಳು. ಆ ಮಾತು ಈಗ ಬೇರೆ ಥರ ಕೇಳಿಸಿತು.

“ನಾಳಿಂದ ಬರಬ್ಯಾಡವ್ವ. ಕೂಸಿಗೆ ಕೆಮ್ಮೈತಿ.”

“ಕೆಮ್ಮಿದ್ರ ನಾ ಎತ್ಕಂಡ್ರೇನಾತು, ಯಲ್ಲಕ್ಕ?”

“ಬ್ಯಾಡ ಅಂದ್ನಲ್ಲ.”

ಹಂಪಮ್ಮ ಮಗುವಿನ ಮುಷ್ಟಿಯಿಂದ ತನ್ನ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಹೋದಳು.

ಸಂಜೆ ಲಲಿತಾ ಸಿಡುಕಿದಳು. “ಹಂಗಾರ ನಾ ಕೆಲಸ ಬಿಡಬೇಕೇನು ಅತ್ತಿ? ಕೂಸನ್ನ ಬಗಲಾಗಿಟ್ಕಂಡು ರೊಟ್ಟಿ ಬಡೀತೀರೇನು?”

“ಗ್ವಾಡಿ ನೋಡಿದೇನು? ಆ ಮಾಟ ಯಾರ ಕೆಲಸಂತ ನನಗ ಗೊತ್ತೈತಿ.”

ಹಂಪಮ್ಮ ಬರುವುದು ನಿಂತಿತು, ಕೆಂಪು ನೀರು ನಿಲ್ಲಲಿಲ್ಲ. ಸಂಡೂರಿನ ಅದಿರು ಲಾರಿಗಳ ಧೂಳಿಗೆ ಹೆದರಿ ಮೊದಲೇ ಕಿಟಕಿ ತೆಗೆಯುತ್ತಿರಲಿಲ್ಲ. ಈಗ ಯಲ್ಲಕ್ಕ ಸಂದಿಗಳಿಗೂ ಬಟ್ಟೆ ತುರುಕಿದಳು. ಹೊರಗೆ ಹಾಕಿದರೆ ಕೆಂಪಾಗುತ್ತವೆಂದು ಮಗುವಿನ ಒದ್ದೆ ಬಟ್ಟೆಗಳನ್ನು ಕೋಣೆಯೊಳಗೇ ಹಗ್ಗಕ್ಕೆ ಹರವುತ್ತಿದ್ದರು. ಸ್ನಾನದ ನೀರೂ ಅಲ್ಲೇ ಮೂಲೆಯಲ್ಲಿ ಕುದಿಯುತ್ತಿತ್ತು. ಮುಚ್ಚಿದಷ್ಟೂ ನೀರು ಹೆಚ್ಚಾಯಿತು. ಹೊರಗಿನವರು ಬರುವ ದಾರಿಯೇ ಇಲ್ಲವೆಂದಾಗ ಯಲ್ಲಕ್ಕ ಸೊಸೆಯನ್ನೂ ಓರೆಗಣ್ಣಿನಿಂದ ನೋಡತೊಡಗಿದಳು.

ಒಂದು ದಿನ ಲಲಿತಾ ಅವಸರದಲ್ಲಿ ಬಿಸಿ ರೊಟ್ಟಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿಬಿಟ್ಟಿದ್ದಳು. ಯಲ್ಲಕ್ಕ ತೆಗೆದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿತು.

“ಎಷ್ಟ್ ಸಲ ಹೇಳೀನಿ, ಬಿಸೀದು ಮುಚ್ಚಿದ್ರ ಬೆವರತೈತಿ ಅಂತ…”

ಯಲ್ಲಕ್ಕ ಮುಚ್ಚಳವನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು. ಮುಚ್ಚಳ ಹಿಡಿದುಕೊಂಡೇ ಕಿಟಕಿಯ ಬಳಿ ಹೋಗಿ ಗಾಜಿನ ಮೇಲೆ ಬೆರಳೆಳೆದಳು. ಬರೀ ನೀರು, ಬಣ್ಣವಿಲ್ಲ. ಕೆಳಗಿನ ಕಟ್ಟೆಯ ಮೇಲೆ ಎಳೆದಳು. ಬೆರಳು ಕೆಂಪಾಯಿತು. ಗಾಜಿನ ಬೆವರು ಇಳಿದು ಕದಡಿದ ರಸ್ತೆಯ ಧೂಳು.

ಅದನ್ನೂ ಅವಳು ಸುಮ್ಮನೆ ನಂಬಲಿಲ್ಲ. ಒದ್ದೆ ಬಟ್ಟೆಗಳನ್ನು ಹಿತ್ತಲಿನಲ್ಲಿ ಹಾಕಿ ಮೇಲೆ ಹಳೆಯ ಸೀರೆ ಹೊದಿಸಿದಳು. ಹಂಡೆಯ ಒಲೆ ಹೊರಗೆ ಹೋಯಿತು. ಲಾರಿಗಳು ಶುರುವಾಗುವ ಮೊದಲು ಎದುರುಬದುರು ಕಿಟಕಿ ತೆಗೆದಿಟ್ಟಳು. ಗಾಜು ಒಣಗಿತು. ಬೇಕೆಂದೇ ಒಂದು ಸಂಜೆ ಬಟ್ಟೆಗಳನ್ನು ಮತ್ತೆ ಒಳಗೆ ಹರವಿ ಕಿಟಕಿ ಮುಚ್ಚಿದಳು. ಬೆಳಿಗ್ಗೆ ಕೆಂಪು ಗೆರೆ ಹಾಜರಿತ್ತು. ಆಗ ನಂಬಿದಳು.

ಮಗುವನ್ನೆತ್ತಿಕೊಂಡು ಹಂಪಮ್ಮನ ಬಾಗಿಲಿಗೆ ಹೋದಳು. ಹಂಪಮ್ಮ ಕುಂದ್ರು ಎನ್ನಲಿಲ್ಲ.

“ಕೂಸನ್ನ ಹಿಡಿ. ರೊಟ್ಟಿ ಬಡೀಬೇಕು.”

“ಈಗ ಕೆಮ್ಮಿಲ್ಲೇನು?”

“ಕಮ್ಮಿ ಆಗೈತಿ.” ಯಲ್ಲಕ್ಕ ನೆಲ ನೋಡಿದಳು. “ನಮ್ಮನಿ ಬೆವರತಿತ್ತವ್ವ. ನಾ ಅದನ್ನ ನಿನ ಮ್ಯಾಲೆ ಹಾಕಿದ್ನಿ.”

ಹಂಪಮ್ಮ ತನ್ನ ಕಿಟಕಿಯತ್ತ ಕೈ ಮಾಡಿದಳು. ಅಲ್ಲೂ ಗೋಡೆಯುದ್ದ ಅದೇ ಕೆಂಪು ಗೆರೆಗಳು. ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದಳು.

“ನೀ ಬರಬ್ಯಾಡ ಅಂದಿ. ನಾ ಕಿಟಕಿ-ಬಾಗ್ಲ ಹಾಕ್ಕಂಡು ಒಳಗ ಕುಂತ್ನಿ, ಮರುದಿನಾನ ಇದು ಇಳೀತು. ನೀನ ಮಾಡ್ಸಿದಿ ಅನ್ಕಂಡಿದ್ನಿ.”

ಯಲ್ಲಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಮಗು ಆಗಲೇ ಹಂಪಮ್ಮನ ಕಡೆ ಬಾಗಿ ಸೆರಗಿಗೆ ಕೈ ಹಾಕಿತ್ತು. ಹಂಪಮ್ಮ ಎತ್ತಿಕೊಂಡಳು. ಯಲ್ಲಕ್ಕ ಒಳಗೆ ಹೋಗಿ ಕಿಟಕಿಯ ಚಿಲಕ ಸರಿಸಿದಳು.

“ಆ ನಿಂಬಿಹಣ್ಣು ಬಿಚ್ಚಬ್ಯಾಡ,” ಎಂದಳು ಹಂಪಮ್ಮ.

“ಇರ್ಲಿ,” ಎಂದಳು ಯಲ್ಲಕ್ಕ. ಅದರಲ್ಲಿ ಅವಳಿಗೂ ತಪ್ಪೇನೂ ಕಾಣಲಿಲ್ಲ.