ಎವರ್ಲಿದೆಸ್‌ಳ ಮುಚ್ಚಿದ ಬಾಯಿ

ಬಾರಾಂಕಿಯಾ ಊರಿನ ರೆಬೊಲೊ ಕೇರಿಯಲ್ಲಿ ಅದಾಲ್ಬೆರ್ತೊ ಕಾಂತಿಯೊ ಬಣ್ಣ ಹಚ್ಚದೆ ಬಿಟ್ಟ ವಸ್ತು ಕಡಿಮೆ. ಬೀದಿ ಕುಣಿತಕ್ಕೆ ಹಾಡು ಹಾಕುವ, ಬೀರುವಿನಷ್ಟು ದೊಡ್ಡ ಸ್ಪೀಕರಿನ ಪಿಕೋಗಳ ಮೇಲೆ ಹುಲಿ, ಹಡಗು, ಸುಂದರಿಯರನ್ನು ಬರೆದೇ ಅವನ ಕೂದಲು ನೆರೆಯಿತು. ಅವನದೇ ಪಿಕೋ 'ಲಾ ರೇಯಿನಾ', ಅಂದರೆ ರಾಣಿ, ಅವನಿಗೆ ಪಂಚಪ್ರಾಣ. ಹಾಡಿನ ತಟ್ಟೆಗಳ ಕಾಲ ಮುಗಿದು, ಮಗಳು ಯುರಾನಿಸ್ ಹಾಡು ಹಾಕಲು ಚಪ್ಪಲಿ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರನ್ನು ಪಿಕೋ ಮೇಲೆ ತಂದು ಕೂರಿಸಿದಾಗ ಆ ಕಂಪ್ಯೂಟರಿನ ಬೋಳು ಕರಿ ಮೂತಿ ನೋಡಿ ಅವನಿಗೆ ಸಂಕಟವಾಯಿತು. ಮೂತಿ ತುಂಬ ಜಾಲರಿ ಬೇರೆ.

ಹಲಗೆಯೊಂದನ್ನು ಅಳತೆಗೆ ಕುಯ್ದು, ಹೆಂಡತಿ ಎವರ್ಲಿದೆಸ್‌ಳ ಮುಖ ಬರೆದು, ಜಾಲರಿಯ ಮೇಲೆ ಬಿಗಿಯಾಗಿ ಕೂರಿಸಿದ. ದೊಡ್ಡ ಓಲೆ, ಕಣ್ಣು ಕುಕ್ಕುವ ಕಿತ್ತಳೆ ತುಟಿ. ತುಟಿ ಮುಚ್ಚಿತ್ತು. ಕೇರಿಗೆ ಕೇರಿಯೇ ನೋಡಲು ಬಂತು. ಎವರ್ಲಿದೆಸ್ ಬಾಯಿ ಮುಚ್ಚಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಇದ್ಯಾರು?" ಅಂದಳು ಅವಳು.

"ನೀನೇ ಕಣೇ."

"ಸತ್ತಾಗ್ಲೂ ನಾನು ಹೀಗಿರಲ್ಲ ಮಾರಾಯ!"

ಶನಿವಾರ ಸಂಜೆ ಎದುರು ಮೂಲೆಯಲ್ಲಿ 'ಎಲ್ ಹುರಾಕಾನ್' ಎಂಬ ಪಿಕೋ ಬಂದು ನಿಂತಿತು. ಎರಡು ಪಿಕೋ ಎದುರಾದರೆ ಮೊದಲು ಸುಮ್ಮನಾದದ್ದು ಸೋತಂತೆ. ಜನ ಕುಣಿಯುತ್ತಲೇ ಆಚೆಯ ಪಿಕೋ ಕಡೆ ಹೋಗಿಬಿಡುತ್ತಾರೆ. ಹಾಡು ರಂಗೇರಿದ ಹೊತ್ತಿಗೇ ಲಾ ರೇಯಿನಾ ಗಪ್‌ಚಿಪ್ಪಾಯಿತು.

"ರಾಣಿಯಮ್ಮಂಗೆ ನಿದ್ದೆ ಬಂತೇನ್ರೋ?" ಎಂದು ಆಚೆಯ ಮೈಕು ಕಿಚಾಯಿಸಿತು.

ಯುರಾನಿಸ್ ಕಂಪ್ಯೂಟರು ಮುಟ್ಟಿ ಕೈ ಕೊಡವಿದಳು. "ಒಲೆ ಥರ ಕಾದಿದೆ ಅಪ್ಪಾ! ಅದು ಗಾಳಿ ಎಳ್ಕೊಳ್ಳೋದೇ ಆ ಜಾಲರಿಯಿಂದ. ನೀನು ಹಲಗೆ ಬಡಿದು ಮುಚ್ಚಿದೀಯ."

"ಊರಿಗೇ ಸೆಖೆ. ನನ್ನ ಹಲಗೆ ಏನು ಮಾಡುತ್ತೆ?"

ಅವಳು ಹಲಗೆ ಕಿತ್ತಳು. ತುಸು ಹೊತ್ತು ಆರಲು ಬಿಟ್ಟ ಮೇಲೆ ಹಾಡು ಬಂತು, ಜನರೂ ಬಂದರು. ಆ ಬೋಳು ಮೂತಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದುದನ್ನು ಸಹಿಸಲಾರದೆ ಅದಾಲ್ಬೆರ್ತೊ ಮೆಲ್ಲಗೆ ಹಲಗೆಯನ್ನು ಮತ್ತೆ ಸಿಕ್ಕಿಸಿದ. ಸ್ವಲ್ಪದರಲ್ಲೇ ಮತ್ತೆ ಮೌನ. ಈ ಸಲ ಬೀದಿ ಅರ್ಧ ಖಾಲಿಯಾಯಿತು. ಮಗಳು ಅವನನ್ನು ನುಂಗುವಂತೆ ನೋಡಿದಳು.

ಮೆಕ್ಕೆಜೋಳದ ಅರೇಪಾ ಕರಿಯುತ್ತಿದ್ದ ಎವರ್ಲಿದೆಸ್ ಬಾಣಲೆ ಬಿಟ್ಟು ಬಂದು ಗಂಡನ ಗರಗಸವನ್ನೇ ಅವನ ಕೈಗಿಟ್ಟಳು. "ಬಾಯಿ ಬಿಡಿಸು."

"ಚಿತ್ರ ಕೆಟ್ಟೋಗುತ್ತೆ ಕಣೇ."

"ಕೆಡಲ್ಲ. ನನ್ನ ಥರ ಆಗುತ್ತೆ."

ಅವನಿಗೆ ಅಳು ಬಂದಿತ್ತು. ಆದರೂ ಕುಯ್ದ. ಗಾಳಿ ಸಾಲದೇ ಹೋದೀತೆಂದು ಮೂಗಿನ ಬುಡದಿಂದ ಗದ್ದದವರೆಗೆ, ಓಲೆಯಿಂದ ಓಲೆಗೆ ಕುಯ್ದ. ಯುರಾನಿಸ್ ಹಲಗೆಯ ಹಿಂದೆ ಸೋಡಾ ಮುಚ್ಚಳಗಳನ್ನು ಅಂಟಿಸಿ, ಸಂದು ಬಿಟ್ಟು ಅದನ್ನು ಮತ್ತೆ ಕೂರಿಸಿದಳು. ಕಂಪ್ಯೂಟರು ಆ ಬಾಯಿಂದ ಉಸಿರೆಳೆದುಕೊಂಡಿತು, ಮತ್ತೆ ನಿಲ್ಲಲಿಲ್ಲ. ಎವರ್ಲಿದೆಸ್ ಮೈಕು ಕಸಿದುಕೊಂಡು ಹುರಾಕಾನ್‌ನ ವಂಶವನ್ನೆಲ್ಲ ಜಾಲಾಡಿದಳು. ನಗುತ್ತ ಜನ ವಾಪಸು ಬಂದರು.

ಅದಾಲ್ಬೆರ್ತೊ ಹಲಗೆ ನೋಡಿದ, ಹೆಂಡತಿಯನ್ನು ನೋಡಿದ. ಅವಳನ್ನು ಎಷ್ಟೋ ಪಿಕೋಗಳ ಮೇಲೆ ಬರೆದಿದ್ದ, ಒಂದೂ ಹೋಲುತ್ತಿರಲಿಲ್ಲ. ಇದು ಹೋಲುತ್ತಿತ್ತು.

"ಇನ್ನೇನು, ಬಾಯಿ ಮುಚ್ಲಾ?" ಎಂದು ಅವಳು ಮೈಕಿನಲ್ಲೇ ಕೇಳಿದಳು.

"ಬೇಡ ಕಣೇ," ಅಂದ ಅವನು, ಮದುವೆಯಾದಂದಿನಿಂದ ಮೊದಲ ಸಲ.