ಗೋಡೆ ಎದುರು ಬಂದು ನಿಂತರೆ

ನನ್ನ ತಂಗಿಗೆ ಹಾಕಿ ತಂಡದವರು ಇಟ್ಟ ಹೆಸರು ಗೋಡೆ. ಮೆಚ್ಚಿ ಇಟ್ಟ ಹೆಸರು ಅಂತ ಅವಳು ಹೇಳಿಕೊಂಡು ತಿರುಗುತ್ತಾಳೆ. ನಿಜ ಏನೆಂದರೆ, ಭಾನುವಾರ ಬೆಳಗ್ಗೆ ಮೈದಾನಕ್ಕೆ ಸೇರುವ ಆ ತಂಡದಲ್ಲಿ ಗೋಲಿನಲ್ಲಿ ನಿಲ್ಲುವುದಕ್ಕೆ ಯಾರೂ ತಯಾರಿರಲಿಲ್ಲ. ಬೇಕರಿಯವನಿಗೆ ಮೂಗಿನ ಚಿಂತೆ, ಹಲ್ಲಿನ ಡಾಕ್ಟರಿಗೆ ಬೆರಳಿನ ಚಿಂತೆ, ಮಿಕ್ಕವರಿಗೆಲ್ಲ ಗೋಲು ಹೊಡೆದು ಕುಣಿಯುವ ಆಸೆ. ಹೊಸಬಳು ಸಿಕ್ಕಳಲ್ಲ ಅಂತ ಇವಳನ್ನು ನಿಲ್ಲಿಸಿದರು. ಚೆಂಡು ಬಂದು ಬಡಿದರೂ ಮಿಸುಕದೆ ನಿಂತಿದ್ದಳಂತೆ. ಹೆದರಿ ಕಾಲೇ ಬರಲಿಲ್ಲ ಎಂಬುದನ್ನು ನನ್ನೊಬ್ಬಳ ಹತ್ತಿರ ಹೇಳಿದಳು.

ಕೆಳಗೆ ಅಪ್ಪನ ಪಂಕ್ಚರ್ ಅಂಗಡಿ, ಮೇಲೆ ಮನೆ. ಅಮ್ಮ ಹೋದ ಮೇಲೆ ನಾವು ಮೂವರೇ. ಅಂಗಡಿಯ ಒಳಗಿಂದಲೇ ಮರದ ಮೆಟ್ಟಿಲು. ಅದರ ತುದಿಯಲ್ಲಿ ಕಟಕಟೆಗೆ ಒತ್ತಿಕೊಂಡು ನನ್ನ ಹೊಲಿಗೆ ಮಷೀನು. ಬಟ್ಟೆಯಿಂದ ತಲೆ ಎತ್ತಿದರೆ ಕೆಳಗಿನ ಅಂಗಡಿ, ನೀರಿನ ತೊಟ್ಟಿ, ಬಾಗಿಲಾಚೆ ಒಂದಿಷ್ಟು ರಸ್ತೆ, ಎಲ್ಲ ಕಾಣುತ್ತದೆ. ಊರ ಉಸಾಬರಿ ನನಗೆ ಬೇಡ ಅಂತ ಎಷ್ಟು ಅಂದುಕೊಂಡರೂ ಕಣ್ಣು ಕೇಳಬೇಕಲ್ಲ.

ತಂಗಿ ಬೆಳಗ್ಗೆ ಅಪ್ಪನ ಜೊತೆ ಟಯರ್ ಬಿಚ್ಚುತ್ತಿದ್ದಳು. ಮಧ್ಯಾಹ್ನ ಕೈಯ ಕರಿ ತೊಳೆದುಕೊಂಡು ಪ್ಯಾರಾಮೆಡಿಕ್ ತರಬೇತಿಗೆ ಓಡುತ್ತಿದ್ದಳು. ಆ ಹುಚ್ಚು ಹತ್ತಿದ್ದೂ ಹಾಕಿಯಿಂದಲೇ. ಚಿಂತೆ ಪಟ್ಟಂತೆಯೇ ಮೂಗು ಒಡೆದುಕೊಂಡ ಬೇಕರಿಯವನ ಜೊತೆ ಒಂದು ಸಲ ಆಂಬ್ಯುಲೆನ್ಸ್ ಹತ್ತಿದವಳು, ಇದಕ್ಕೆ ಸೇರುವುದು ಹೇಗೆ ಅಂತ ಚಾಲಕನನ್ನು ಕೇಳುತ್ತಲೇ ಇಳಿದಳು. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕಂಡಿದ್ದೇನೆ, ಮೂರನೆಯದಕ್ಕೆ ಇವಳು ಕಾಲು ಎಲ್ಲಿಂದ ತಂದಳೋ ಕಾಣೆ. ಗೋಲಿನಲ್ಲಿ ನಿಲ್ಲುವಾಗ ಕಾಲಿಗೆ ಕಟ್ಟುವ ಅವಳ ಪ್ಯಾಡುಗಳು ನನ್ನ ಮಷೀನಿನ ಪಕ್ಕದ ಕಟಕಟೆಯ ಮೇಲೇ ಒಣಗುತ್ತಿದ್ದವು. ಅವುಗಳ ವಾಸನೆಗೆ ಹಲ್ಲಿಗಳು ಕೂಡ ನಮ್ಮ ಮನೆ ಖಾಲಿ ಮಾಡಿದವು. ಪಾಠ ಒಪ್ಪಿಸುವುದಕ್ಕೆ ರೋಗಿ ಬೇಕಾದಾಗ ನನ್ನನ್ನೇ ಚಾಪೆಯ ಮೇಲೆ ಕೆಡವುತ್ತಿದ್ದಳು. ಎದೆ ಒತ್ತುವುದಕ್ಕೆ ಮಾತ್ರ ದಿಂಬು. ನಾನೂ ಒತ್ತಿ ನೋಡುತ್ತಿದ್ದೆ. "ಮೊಣಕೈ ಮಡಿಸ್ಬೇಡ ಅಕ್ಕ, ಹಿಟ್ಟು ನಾದ್ತಾ ಇದೀಯಾ?" ಅಂತ ಬೈಯುತ್ತಿದ್ದಳು.

ಅವಳು ಹಾಗೆ ಹೋಗಿ ನಿಂತದ್ದು ಮೊದಲ ಸಲ ಕಂಡದ್ದು, ತರಬೇತಿಗೆ ರಜೆಯಿದ್ದ ಒಂದು ಸುಡು ಮಧ್ಯಾಹ್ನ. ಸ್ಕೂಟರಿನವನೊಬ್ಬ ಅಂಗಡಿಯ ಬೆಂಚಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದ. ತಂಗಿ ಅವನಿಗೆ ಬೆನ್ನು ಹಾಕಿ, ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಅದುಮಿ ಗುಳ್ಳೆ ಹುಡುಕುತ್ತಿದ್ದಳು. ಇದ್ದಕ್ಕಿದ್ದಂತೆ ಟ್ಯೂಬು ಬಿಟ್ಟಳು. ತಿರುಗಿ ಬಂದು ಅವನ ಎದುರು ನಿಂತಳು. ಮಂಡಿ ತುಸು ಬಾಗಿತ್ತು, ಅಂಗೈಗಳು ಬಿಚ್ಚಿ ಮುಂದಕ್ಕೆ ಬಂದಿದ್ದವು, ಹಿಮ್ಮಡಿ ನೆಲ ಬಿಟ್ಟಿತ್ತು. ಹೊಡೆತ ಬೀಳುವ ಮೊದಲು ಗೋಲಿನಲ್ಲಿ ಅವಳು ನಿಲ್ಲುವುದೇ ಹಾಗೆ. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಮ್ಮಾ?" ಅಂದ ಅವನು.

ನಾನು ಮೇಲಿನಿಂದ, "ಏನೇ ಅದು, ಗಿರಾಕೀನ ಹೆದರಿಸ್ತಾ ಇದೀಯಾ?" ಅಂತ ಕೂಗಿದೆ. ಆಗ ಅವನ ಕೈಯಿಂದ ಬಾಚಣಿಗೆ ಜಾರಿತು. ಹಿಂದೆಯೇ ಅವನೂ ಜಾರಿದ. ತಲೆ ಕಬ್ಬಿಣದ ಜಾಕಿಗೆ ಬಡಿಯುವ ಮೊದಲು ಅವಳ ತೋಳು ಅಲ್ಲಿತ್ತು. ಹಾರ್ಟ್ ಅಟ್ಯಾಕ್ ಅಂದರು. ಅವನು ಬದುಕಿದ. ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದ.

"ಅವನಿಗೆ ಹೀಗಾಗುತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತೇ?" ಅಂತ ಸಂಜೆ ಕೇಳಿದೆ.

"ಬಿದ್ದ, ಹಿಡ್ಕೊಂಡೆ. ಅದರಲ್ಲೇನಿದೆ?"

"ಅದಕ್ಕೂ ಮುಂಚೆ ಹೋಗಿ ನಿಂತ್ಕೊಂಡೆಯಲ್ಲ."

"ನಿಂತಿದ್ನಾ?" ಅಂದಳು. ನಿಜವಾಗಿಯೂ ಗೊತ್ತಿಲ್ಲದವಳ ಮುಖ ಅದು.

ಮುಖದ ಬಣ್ಣ, ಬೆವರು ಏನೋ ಕಂಡಿರಬೇಕು, ತರಬೇತಿ ಕಣ್ಣು ತೆರೆಸಿದೆ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಅವಳು ಅವನಿಗೆ ಬೆನ್ನು ಹಾಕಿದ್ದಳು. ಆ ಒಂದು ಮಾತು ಊಟದಲ್ಲಿ ಕಲ್ಲು ಸಿಕ್ಕ ಹಾಗೆ ಆಗಾಗ ಸಿಗುತ್ತಿತ್ತು.

ಮುಂದಿನದನ್ನು ಹೇಳಿದವನು ಆಂಬ್ಯುಲೆನ್ಸ್ ಚಾಲಕ. ತರಬೇತಿಗಾಗಿ ತಂಗಿ ಅವನ ಗಾಡಿಯಲ್ಲೇ ಓಡಾಡುತ್ತಿದ್ದಳು. ಅವಳಿಲ್ಲದ ಹೊತ್ತು ನೋಡಿಕೊಂಡು ಗಾಳಿ ಹಾಕಿಸುವ ನೆಪದಲ್ಲಿ ಬಂದ.

"ಅಕ್ಕಾವ್ರೇ, ಟೀ ಕುಡಿಯೋಕೆ ಅಂತ ಗಾಡಿ ನಿಲ್ಸಿದ್ದೆ. ಇವಳು ಇಳಿದು ಸೀದಾ ಹೋಗಿ ಯಾರದೋ ಮನೆ ಮುಂದೆ ನಿಂತಳು. ಬಾಗಿಲು ಮುಚ್ಚಿತ್ತು. ಕೈ ಹಿಂಗೆ ಮಾಡ್ಕೊಂಡು ನಿಂತಿದಾಳೆ. ಟೀ ಆರೋಗ್ತಾ ಇದೆ ಬಾರಮ್ಮ ಅಂದೆ, ಕೇಳಿಸ್ಕೊಳ್ಳಲಿಲ್ಲ. ಆಮೇಲೆ ಒಳಗಿಂದ ಯಾರೋ ಚೀರಿದರು."

"ಬಾಗಿಲು ಮುಚ್ಚಿತ್ತಾ?"

"ಚಿಲಕ ಹಾಕಿತ್ತು. ನಾವೇ ಮುರಿದದ್ದು. ಅಜ್ಜಿ ಉಳಿದಳು ಬಿಡಿ." ಅವನು ತಲೆಯ ನೆರೆಗೂದಲು ಕೆರೆದುಕೊಂಡ. "ಈಗ ಅವಳು ಎಲ್ಲಿ ಇಳಿದ್ರೂ ನಾನು ಹಿಂದಿನ ಬಾಗಿಲು ತೆಗೆದೇ ಇಡ್ತೀನಿ. ಅವಳಿಗೆ ಹೇಳ್ಬೇಡಿ. ಗೊತ್ತಾದ್ರೆ ಹೋದ್ರೂ ಹೋಗಬಹುದು, ಆ ಗುಣ."

ಅವನ ಗಾಡಿ ತಿರುವು ದಾಟುವವರೆಗೂ ನಾನು ಮಷೀನು ತುಳಿಯಲಿಲ್ಲ. ನನ್ನ ಪಕ್ಕದಲ್ಲಿ ಮಲಗುವ ತಂಗಿಯ ಬಗ್ಗೆ ನನಗೆ ಭಯವಾಯಿತು. ಆ ಭಯಕ್ಕೆ ನಾಚಿಕೆಯೂ ಆಯಿತು.

ಬೀದಿಗೆ ಗೊತ್ತಾಗದೆ ಇರುತ್ತದೆಯೇ. ಎದುರಿನ ಕ್ಷೌರದಂಗಡಿಯವನು ಅವಳು ರಸ್ತೆಗಿಳಿದರೆ ಬಾಗಿಲು ಅರ್ಧ ಎಳೆದುಕೊಳ್ಳುತ್ತಿದ್ದ. ಅವಳು ನಿಂತದ್ದಕ್ಕೇ ಜನ ಬೀಳುತ್ತಿದ್ದಾರೆ ಎಂಬುದು ಅವನ ಲೆಕ್ಕ. ನಾನು ಇಳಿದು ಹೋಗಿ ಜಗಳಕ್ಕೇ ನಿಂತೆ. "ಕಾಗೆ ಕೂತು ಕೊಂಬೆ ಮುರೀತು ಅಂದ ಹಾಗಾಯ್ತು ನಿಮ್ಮ ಮಾತು," ಅಂದೆ.

"ಆಗ್ಲಿ ತಾಯಿ," ಅಂದ ಅವನು ಕತ್ತಿ ಮಸೆಯುತ್ತಾ. "ಮುರಿದ ಕೊಂಬೆ ಮೇಲೆಲ್ಲ ಅದೇ ಕಾಗೆ ಕೂತಿದ್ರೆ?"

ನಾನು ರಸ್ತೆ ದಾಟಿ ವಾಪಸು ಬಂದೆ. ಮೈದಾನಕ್ಕೂ ಸುದ್ದಿ ಮುಟ್ಟಿತ್ತು. ಎದುರಾಳಿಗಳು ಅವಳ ಕಣ್ಣಿಗೆ ನೇರವಾಗಿ ಬೀಳಲು ಇಷ್ಟಪಡದೆ ಚೆಂಡನ್ನು ದೂರದಿಂದಲೇ ಎಲ್ಲಿಗೋ ಬಾರಿಸುತ್ತಿದ್ದರು. ತಂಡ ಗೆದ್ದದ್ದೇ ಗೆದ್ದದ್ದು. "ನನ್ನ ಆಟ ಈಗ ಹದಕ್ಕೆ ಬಂದಿದೆ ಅಕ್ಕ," ಅಂತ ಅವಳು ಬೀಗುತ್ತಿದ್ದಳು, ಪಾಪ.

ಒಂದು ಭಾನುವಾರ ಅವಳು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಕೆಳಗೆ ಅಪ್ಪ ಮೋಟು ಸ್ಟೂಲಿನ ಮೇಲೆ ಕೂತು, ಪ್ಯಾಚು ಹಾಕುವುದಕ್ಕೆ ಟ್ಯೂಬನ್ನು ಉಜ್ಜುತ್ತಿದ್ದ. ಅವಳು ಒಂದು ಬೂಟಿನ ದಾರ ಹಾಗೇ ಬಿಟ್ಟು ಎದ್ದಳು. ಇಳಿದು ಹೋಗಿ ಅಪ್ಪನ ಎದುರು ನಿಂತಳು. ಮಂಡಿ ಬಾಗಿತು. ಅಂಗೈ ಬಿಚ್ಚಿತು.

ಅಪ್ಪ ತಲೆ ಎತ್ತಿದ. "ಏನು ಮಗಳೇ, ಬಸ್ಸು ತಪ್ಪಲ್ವಾ?"

ಏನೂ ಆಗಲಿಲ್ಲ. ಅವಳು ನಿದ್ದೆಯಿಂದ ಎದ್ದವಳ ಹಾಗೆ ರೆಪ್ಪೆ ಬಡಿದು, ಬಗ್ಗಿ ದಾರ ಕಟ್ಟಿಕೊಂಡು, ಚೀಲ ಹೆಗಲಿಗೆ ಏರಿಸಿ ಹೋದಳು. ಅಪ್ಪ ಮೆಲ್ಲಗೆ ಕತ್ತು ತಿರುಗಿಸಿ ಮೇಲೆ ನನ್ನನ್ನು ನೋಡಿದ.

ಮರುದಿನವೇ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿದರು, ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಡಾಕ್ಟರು ನಕ್ಕು, "ನಿಮಗಿಂತ ನನ್ನ ಬಿ.ಪಿ.ನೇ ಜಾಸ್ತಿ ಇದೆ, ಹೋಗಿ ಬನ್ನಿ," ಅಂದರು. ಮನೆಗೆ ಬಂದರೆ ತಂಗಿ ಬಾಗಿಲಲ್ಲೇ ಅಪ್ಪನ ಎದುರು ನಿಂತಳು. ಊಟಕ್ಕೆ ಕೂತರೆ ತಟ್ಟೆಯಾಚೆ ನಿಂತಳು. ದಿನ ಕಳೆದ ಹಾಗೆ ಹತ್ತಿರ ಹತ್ತಿರ ಬರುತ್ತಿದ್ದಳು. ಅಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. "ನನಗೆ ಪೆನಾಲ್ಟಿ ಕೊಟ್ಟಿದಾರೆ ಕಣೇ, ಸೀಟಿ ಊದೋದೊಂದು ಬಾಕಿ," ಅಂತ ನನ್ನ ಹತ್ತಿರ ನಗಾಡಿದ. ನಾನು ನಗಲಿಲ್ಲ.

ಕೊನೆಗೆ ಅವನೇ ಅವಳಿಗೆ ಹೇಳಿಬಿಟ್ಟ. ಸ್ಕೂಟರಿನವನು, ಚಿಲಕ ಹಾಕಿದ ಬಾಗಿಲು, ಈಗ ತಾನು, ಎಲ್ಲವನ್ನೂ. ಅವಳು ತನ್ನ ಕಾಲನ್ನೇ ನೋಡಿಕೊಂಡಳು. ಆಮೇಲೆ ಅತ್ತಳು. ಆ ವಾರವೇ ಅವಳ ತರಬೇತಿಯ ಕೊನೆಯ ಪರೀಕ್ಷೆ.

"ನಾನು ಹೋಗಲ್ಲ," ಅಂದಳು. "ಪರೀಕ್ಷೆನೂ ಬೇಡ, ಆಟನೂ ಬೇಡ. ಮನೇಲೇ ಇರ್ತೀನಿ."

"ಇದ್ದು? ನನ್ನ ಮುಖ ಕಾಯ್ತಾ ಕೂತ್ಕೋತೀಯಾ?" ಅಪ್ಪನ ದನಿ ಏರಿತು. "ನೀನು ಎದುರು ನಿಂತಾಗೆಲ್ಲ ನಾನು ಒಂದೊಂದು ಸಲ ಸಾಯ್ತಾ ಇದೀನಿ. ಬರೋದು ಬರಲಿ, ಅದು ಬರೋ ತನಕ ನನ್ನನ್ನ ಬದುಕೋಕೆ ಬಿಡು ಮಗಳೇ. ಹೋಗಿ ಬರೆದು ಬಾ."

ಪರೀಕ್ಷೆಯ ಬೆಳಗ್ಗೆ ಅವಳು ಹೊರಟಳು. ಹೊರಟದ್ದು ಹಿಮ್ಮುಖವಾಗಿ. ಕಾಲು ಅಪ್ಪನಿಗೆ ಬೆನ್ನು ಹಾಕಲು ಒಪ್ಪುತ್ತಿಲ್ಲ ಅಂತ ಹೊಸ್ತಿಲಲ್ಲಿ ನಿಂತು ಗೋಗರೆದಳು. ಅಪ್ಪ ಹೋಗು ಅಂತ ಕೈ ಬೀಸಿದ. ಹಾಗೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಅಂಗಡಿಯ ಕಡೆಗೇ ಮುಖ ಮಾಡಿ, ಹಾಡಹಗಲೇ ರಸ್ತೆಯ ಉದ್ದಕ್ಕೂ ಹೋದಳು. ಸೈಕಲ್ಲುಗಳು ನಿಂತವು. ಕ್ಷೌರದಂಗಡಿಯವನ ಗಿರಾಕಿ ಮುಖದ ತುಂಬ ನೊರೆ ಇಟ್ಟುಕೊಂಡೇ ಬಾಗಿಲಿಗೆ ಬಂದ. ಯಾರೂ ನಗಲಿಲ್ಲ. ತಿರುವಿನಲ್ಲಿ ಅವಳು ಮರೆಯಾದಳು.

ನಾನು ಚಾಲಕನಿಗೆ ಫೋನು ಮಾಡಿ, ಇವತ್ತು ಇತ್ತ ಕಡೆಯೇ ಗಾಡಿ ನಿಲ್ಲಿಸಿಕೊಂಡಿರಣ್ಣ ಅಂತ ಕೇಳಿಕೊಂಡೆ. ಆಮೇಲೆ ಮೇಲೆ ಬಂದು ಮಷೀನಿಗೆ ಕೂತೆ. ಅಪ್ಪ ಬಹಳ ದಿನದ ಮೇಲೆ ಶಿಳ್ಳೆ ಹಾಕುತ್ತಾ ಟಯರು ಉರುಳಿಸುತ್ತಿದ್ದ. ಯಾರದೋ ರವಿಕೆಯ ತೋಳು ಹೊಲಿಯುತ್ತಿದ್ದೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅಷ್ಟು ನೆನಪಿದೆ.

ಆಮೇಲೆ ನಾನು ಅಪ್ಪನ ಎದುರು ನಿಂತಿದ್ದೆ. ಮೆಟ್ಟಿಲು ಇಳಿದದ್ದು ಗೊತ್ತಿಲ್ಲ. ಮಂಡಿ ಬಾಗಿತ್ತು, ಕೈಗಳು ತಾವಾಗಿಯೇ ಮುಂದೆ ಬಂದಿದ್ದವು. ಮೇಲೆ ಮಷೀನಿನ ಚಕ್ರ ಇನ್ನೂ ತಿರುಗುತ್ತಿರುವ ಸದ್ದು ಕೇಳುತ್ತಿತ್ತು.

ಅಪ್ಪ ನನ್ನನ್ನು ನೋಡಿದ. "ನೀನೂನಾ?" ಅಂದ.

ಹಾಗಂದವನೇ ಮುಗ್ಗರಿಸಿ ನನ್ನ ತೋಳಿನ ಮೇಲೇ ಬಿದ್ದ. ಕ್ಷೌರದಂಗಡಿಯವನಿಗೆ ಚಾಲಕನನ್ನು ಕರೆ ಅಂತ ಕೂಗಿದೆ. ಅಪ್ಪನನ್ನು ನೆಲಕ್ಕೆ ಮಲಗಿಸಿ, ಮೊಣಕೈ ಮಡಿಸದೆ ಎದೆ ಒತ್ತಿದೆ. ದಿಂಬಿನ ಹಾಗಿರಲಿಲ್ಲ. ನನ್ನ ಅಂಗೈ ಕೆಳಗೆ ಏನೋ ಲಟಕ್ಕೆಂದು ಮುರಿಯಿತು. ಆದರೂ ನಿಲ್ಲಿಸಲಿಲ್ಲ. ಅಳುತ್ತಾ, ಅಪ್ಪನನ್ನು ಬೈಯುತ್ತಾ, ಗಾಡಿಯವರು ಬಂದು ನನ್ನ ಭುಜ ಹಿಡಿದು ಎಬ್ಬಿಸುವವರೆಗೂ ಒತ್ತುತ್ತಲೇ ಇದ್ದೆ.

ಅಪ್ಪ ಉಳಿದ. ಪಕ್ಕೆಲುಬು ಮುರಿಯುವಷ್ಟು ಒತ್ತಿದ್ದಕ್ಕೇ ಉಳಿದರು ಅಂತ ಡಾಕ್ಟರು ನನ್ನನ್ನು ಹೊಗಳಿದರು. ತಂಗಿಯೂ ಪರೀಕ್ಷೆಯಲ್ಲಿ ಪಾಸಾದಳು. ಆಸ್ಪತ್ರೆಗೆ ಬಂದು ಅಪ್ಪನ ಮಂಚದ ಎದುರು ನಡೆದಳು. ಕಾಲು ನಿಲ್ಲಲಿಲ್ಲ, ಮಂಡಿ ಬಾಗಲಿಲ್ಲ. ಮತ್ತೆ ಮತ್ತೆ ನಡೆದು ನೋಡಿದಳು. "ಹೋಯ್ತು ಅಕ್ಕ, ಹೋಯ್ತು," ಅಂತ ನನ್ನನ್ನು ತಬ್ಬಿಕೊಂಡಳು. ನನಗೂ ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ಅಪ್ಪನನ್ನು ಮನೆಗೆ ತಂದ ಮೊದಲ ಭಾನುವಾರ ಅವಳು ಆಟ ಮುಗಿಸಿ ಬಂದಳು. ಗೆಲ್ಲದೆ ಬಂದಿದ್ದಳು, ಆದರೂ ಖುಷಿಯಲ್ಲಿದ್ದಳು. ಅಪ್ಪನ ಮಂಚದ ತುದಿಗೆ ಕೂತು ಕಿತ್ತಳೆ ಸುಲಿಯುತ್ತಾ, ಯಾರೋ ತನ್ನ ಕಾಲಿನ ಸಂದಿಯಲ್ಲೇ ಗೋಲು ತೂರಿಸಿದ ಕತೆ ಹೇಳುತ್ತಿದ್ದಳು. ಅಪ್ಪ ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ನಾನು ಕಿಟಕಿಯ ಹತ್ತಿರ ಲೋಟಕ್ಕೆ ನೀರು ಬಗ್ಗಿಸುತ್ತಿದ್ದೆ. ಕೋಣೆಯ ತುಂಬ ಬೆಳಕಿತ್ತು.

ಮಾತು ನಿಂತದ್ದು ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ನನ್ನ ಕೈಯಲ್ಲಿ ಲೋಟ ಇರಲಿಲ್ಲ. ನಾನು ಕಿಟಕಿಯ ಹತ್ತಿರವೂ ಇರಲಿಲ್ಲ. ಅಂಗೈ ಎರಡೂ ಬಿಚ್ಚಿದ್ದವು. ನಾನು ನಿಂತದ್ದು ಅಪ್ಪನ ಎದುರಲ್ಲ, ನನ್ನ ತಂಗಿಯ ಎದುರು.

ಅಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ. ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಸುಲಿದ ಹಣ್ಣನ್ನು ಅವಳು ಹಾಸಿಗೆಯ ಮೇಲಿಟ್ಟಳು. ದನಿ ದಿನಾ ನನಗೆ ಪಾಠ ಹೇಳುವ ದನಿಯೇ.

"ಅಷ್ಟು ದೂರ ನಿಂತ್ರೆ ಕೈಗೆ ಸಿಗಲ್ಲ ಅಕ್ಕ," ಅಂದಳು. "ಒಂದು ಹೆಜ್ಜೆ ಮುಂದೆ ಬಾ."

ನಾನು ಮುಂದೆ ಹೋದೆ.